ಕೈ ಬಡಿಯುವ, ಮೈ ತೂಗುವ ಮಗುವಿನ ಜೊತೆಗೆ: ಆಟಿಸಂನ ಪುನರಾವರ್ತಿತ ಚಲನೆಗಳನ್ನು ಅರಿತು ನಡೆಯುವ ಬಗೆ

ನನ್ನ ಮಗನಿಗೆ ಐದು ವರ್ಷವಾಗಿದ್ದಾಗ ನೆಂಟರ ಮದುವೆಯೊಂದಕ್ಕೆ ಹೋಗಿದ್ದೆವು. ಮುಹೂರ್ತದ ವೇಳೆಗೆ ಗಟ್ಟಿಮೇಳ ಶುರುವಾದೊಡನೆ ಅವನು ಕುರ್ಚಿಯಿಂದ ಇಳಿದು, ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಎತ್ತಿ ಪಟಪಟನೆ ಆಡಿಸುತ್ತ ನಿಂತಲ್ಲೇ ಜಿಗಿಯತೊಡಗಿದ. ಸುತ್ತಲಿನವರು ತಿರುಗಿ ನೋಡಿದರು. ಹಿರಿಯರೊಬ್ಬರು, "ಅವನ ಕೈ ಹಿಡ್ಕೊಳಮ್ಮ, ಜನ ನೋಡ್ತಿದಾರೆ" ಎಂದರು. ನಾನು ಹಿಡಿದುಕೊಂಡೆ. ಅಂದಿನಿಂದ ಸುಮಾರು ಒಂದು ವರ್ಷ ಬಸ್ಸಿನಲ್ಲಿ, ಅಂಗಡಿಯಲ್ಲಿ, ದೇವಸ್ಥಾನದಲ್ಲಿ, ಕೊನೆಗೆ ಮನೆಯೊಳಗೂ ಹಿಡಿದುಕೊಳ್ಳುತ್ತಲೇ ಇದ್ದೆ. ಕೈ ಆಡಿಸುವುದು ಕಡಿಮೆಯಾಯಿತು. ಆದರೆ ಅವನು ತನ್ನ ಮಣಿಕಟ್ಟನ್ನು ಕಚ್ಚಿಕೊಳ್ಳಲು ಆರಂಭಿಸಿದ. ಆ ಗಾಯವನ್ನು ನೋಡಿದ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಒಬ್ಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಕೈ ಆಡಿಸೋದನ್ನ ನಿಲ್ಲಿಸಿದಿರಿ ಸರಿ. ಅದು ಅವನಿಗೆ ಮಾಡಿಕೊಡ್ತಿದ್ದ ಕೆಲಸವನ್ನ ಈಗ ಯಾವುದು ಮಾಡ್ಬೇಕು?"

ಅವನಿಗೆ ಆಟಿಸಂ ಇದೆ, ಅಂದರೆ ಮೆದುಳಿನ ಬೆಳವಣಿಗೆಯೇ ಬೇರೆ ಬಗೆಯದಾಗಿದ್ದು, ಇತರರೊಡನೆ ಬೆರೆಯುವ, ಮಾತಾಡುವ, ಸುತ್ತಲಿನದನ್ನು ಗ್ರಹಿಸುವ ರೀತಿ ಭಿನ್ನವಾಗಿರುವ ಸ್ಥಿತಿ. ಅವನಿಗೀಗ 19 ವರ್ಷ. ಈ ಹದಿನಾಲ್ಕು ವರ್ಷಗಳಲ್ಲಿ ವೈದ್ಯರಿಂದ, ಥೆರಪಿಸ್ಟರಿಂದ, ಇತರ ತಂದೆತಾಯಂದಿರಿಂದ, ಮತ್ತು ಎಲ್ಲರಿಗಿಂತ ಹೆಚ್ಚಾಗಿ ಅವನಿಂದಲೇ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಎಲ್ಲ ಹೆಜ್ಜೆಗಳ ಹಿಂದೆಯೂ ಇರುವುದು ಆ ಥೆರಪಿಸ್ಟರ ಪ್ರಶ್ನೆಯೇ. ಚಲನೆಯೊಂದನ್ನು ಬದಲಿಸಲು ಹೊರಡುವ ಮುನ್ನ ಅದು ಆ ವ್ಯಕ್ತಿಗೆ ಏನನ್ನು ಒದಗಿಸುತ್ತಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಹಾನಿ ಇದ್ದಲ್ಲಿ ಮಾತ್ರ ಬದಲಿಸಬೇಕು. ಬದಲಿಸುವಾಗಲೂ ಕಿತ್ತುಕೊಳ್ಳದೆ, ಮೊದಲು ಇನ್ನೊಂದನ್ನು ಕೊಡಬೇಕು.

ಯಾವುದನ್ನು ಸ್ಟಿಮ್ಮಿಂಗ್ ಎನ್ನುತ್ತಾರೆ?

ಹಕ್ಕಿ ರೆಕ್ಕೆ ಬಡಿದಂತೆ ಕೈ ಬಡಿಯುವುದು, ಬೆರಳುಗಳನ್ನು ಕಣ್ಣಿನ ಮುಂದೆ ಆಡಿಸುವುದು, ಕುಳಿತಲ್ಲೇ ಹಿಂದೆ ಮುಂದೆ ತೂಗುವುದು, ಗಿರಗಿರನೆ ಸುತ್ತುವುದು, ತುದಿಗಾಲಲ್ಲಿ ನಡೆಯುವುದು, ಆಟದ ಕಾರನ್ನು ಮಗುಚಿಟ್ಟು ಚಕ್ರವನ್ನೇ ತಿರುಗಿಸುತ್ತ ಕೂರುವುದು, ಫ್ಯಾನನ್ನು ದಿಟ್ಟಿಸುವುದು, ಒಂದೇ ಸ್ವರವನ್ನು ಗುನುಗುವುದು, ಸೀರೆಯ ಸೆರಗನ್ನು ಬೆರಳುಗಳ ನಡುವೆ ಉಜ್ಜುವುದು, ಕೈಗೆ ಸಿಕ್ಕಿದ್ದನ್ನೆಲ್ಲ ಮೂಸಿ ನೋಡುವುದು — ಇವೆಲ್ಲವನ್ನೂ ವೈದ್ಯಕೀಯ ಬರಹಗಳು ಪುನರಾವರ್ತಿತ ಅಥವಾ ಸ್ವಪ್ರಚೋದಕ ವರ್ತನೆ ಎಂದು ಕರೆಯುತ್ತವೆ. ಆಟಿಸಂ ಇರುವವರು ಮತ್ತು ಅವರ ಮನೆಯವರು ಸಾಮಾನ್ಯವಾಗಿ ಬಳಸುವ ಚಿಕ್ಕ ಪದ ಸ್ಟಿಮ್ಮಿಂಗ್. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಮೊದಲ ವರದಿಯಲ್ಲಿಯೇ ವಸ್ತುಗಳನ್ನು ತಿರುಗಿಸುವ, ಕೇಳಿದ ಮಾತನ್ನು ಮತ್ತೆ ಮತ್ತೆ ಆಡುವ ಮಕ್ಕಳ ವರ್ಣನೆ ಇದೆ. ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಡಿಎಸ್‌ಎಂ-5 ಎಂಬ, ಮಾನಸಿಕ ಹಾಗೂ ಬೆಳವಣಿಗೆಯ ತೊಂದರೆಗಳನ್ನು ಗುರುತಿಸುವ ಕೈಪಿಡಿ, 2013ರಿಂದ, ಇಂಥ ಚಲನೆಗಳ ಜೊತೆಗೆ ಶಬ್ದ, ಬೆಳಕು, ಸ್ಪರ್ಶಗಳ ಬಗೆಗಿನ ಅತಿಯಾದ ಅಥವಾ ತೀರ ಕಡಿಮೆಯಾದ ಸಂವೇದನೆಯನ್ನೂ ಆಟಿಸಂನ ಲಕ್ಷಣವೆಂದು ಪರಿಗಣಿಸುತ್ತದೆ. ಈ ಸೇರ್ಪಡೆ ನನಗೆ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಚಲನೆಗೂ ಸಂವೇದನೆಗೂ ಇರುವ ನಂಟನ್ನು ಬಿಟ್ಟು ಸ್ಟಿಮ್ಮಿಂಗನ್ನು ಅರ್ಥಮಾಡಿಕೊಳ್ಳಲು ಸಾಧ್ಯವೇ ಇಲ್ಲ.

ನಾವೆಲ್ಲರೂ ಕಾಲು ಅಲುಗಿಸುತ್ತೇವೆ, ಪೆನ್ನಿನ ಗುಂಡಿ ಒತ್ತುತ್ತೇವೆ, ಯೋಚಿಸುವಾಗ ಕೂದಲು ಸುತ್ತಿಕೊಳ್ಳುತ್ತೇವೆ. ಆಟಿಸಂ ಇರುವವರಲ್ಲಿ ಇದು ಹೆಚ್ಚು ತೀವ್ರವಾಗಿ, ಹೆಚ್ಚು ಹೊತ್ತು, ಹೆಚ್ಚು ಕಾಣುವಂತೆ ನಡೆಯುತ್ತದೆ. ಜೋಳಿಗೆಯಲ್ಲಿ ಮಗುವನ್ನು ತೂಗಿ ಮಲಗಿಸಿದ ಯಾರಿಗೇ ಆದರೂ ಲಯಬದ್ಧ ಚಲನೆ ನರಮಂಡಲವನ್ನು ಹೇಗೆ ತಣಿಸುತ್ತದೆ ಎಂಬುದು ಗೊತ್ತಿರುತ್ತದೆ. ದೇಹ ಎತ್ತ ಚಲಿಸುತ್ತಿದೆ ಎಂಬುದನ್ನು ಒಳಕಿವಿಯ ದ್ರವ ತುಂಬಿದ ನಾಳಗಳು ಮೆದುಳಿಗೆ ತಿಳಿಸುತ್ತವೆ. ಕೈಕಾಲುಗಳು ಎಲ್ಲಿವೆ, ಎಷ್ಟು ಒತ್ತಡದಲ್ಲಿವೆ ಎಂಬುದನ್ನು ಸ್ನಾಯು ಮತ್ತು ಕೀಲುಗಳು ತಿಳಿಸುತ್ತವೆ. ಮೈ ತೂಗುವ ಮಗು ಮೊದಲನೆಯದನ್ನು, ಜೋರಾಗಿ ಜಿಗಿಯುವ ಮಗು ಎರಡನ್ನೂ ಒಟ್ಟಿಗೆ, ತನಗೆ ತಾನೇ ಒದಗಿಸಿಕೊಳ್ಳುತ್ತಿರುತ್ತದೆ.

ಕಾರಣ ಒಂದೇ ಇರುವುದಿಲ್ಲ. ಅದೇ ಕೈ ಬಡಿತ ಒಮ್ಮೆ ಸಂತೋಷದ ಉಕ್ಕಾಗಿರಬಹುದು, ಇನ್ನೊಮ್ಮೆ ಆತಂಕವನ್ನು ಇಳಿಸುವ ದಾರಿಯಾಗಿರಬಹುದು, ಮತ್ತೊಮ್ಮೆ ಹತ್ತು ಕಡೆಯಿಂದ ಬರುವ ಸದ್ದನ್ನು ಒಂದೇ ಊಹಿಸಬಲ್ಲ ಸಂವೇದನೆಯಿಂದ ಮುಚ್ಚಿಹಾಕುವ ಪ್ರಯತ್ನವಾಗಿರಬಹುದು, ಕೆಲವೊಮ್ಮೆ ಕೇವಲ ಬೇಸರ ಕಳೆಯುವ ಬಗೆಯೂ ಆಗಿರಬಹುದು. 2019ರಲ್ಲಿ ಸಂಶೋಧಕ ಸ್ಟೀವನ್ ಕ್ಯಾಪ್ ಮತ್ತು ಸಂಗಡಿಗರು ಆಟಿಸಂ ಇರುವ ವಯಸ್ಕರನ್ನೇ ಮಾತನಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಗವಹಿಸಿದವರು ಸ್ಟಿಮ್ಮಿಂಗನ್ನು ತಮ್ಮನ್ನು ತಾವು ಸಮಾಧಾನಪಡಿಸಿಕೊಳ್ಳುವ, ತೀವ್ರ ಭಾವನೆಯನ್ನು ಹೊರಹಾಕುವ ಸಾಧನವೆಂದು ವಿವರಿಸಿದರು ಮತ್ತು ಅದನ್ನು ಇಲ್ಲವಾಗಿಸುವುದನ್ನೇ ಗುರಿಯಾಗಿಸಿಕೊಂಡ ಚಿಕಿತ್ಸೆಗಳನ್ನು ವಿರೋಧಿಸಿದರು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ಐವರ್ ಲೊವಾಸ್ ಇಂಥ ಚಲನೆಗಳನ್ನು ನಿಲ್ಲಿಸಲು ಮಕ್ಕಳಿಗೆ ವಿದ್ಯುತ್ ಆಘಾತ ನೀಡಿ ಪ್ರಯೋಗ ನಡೆಸಿದ್ದನ್ನು ನೆನೆದಾಗ, ಆ ಮಕ್ಕಳ ಮಾತನ್ನು ಕೇಳಲು ಜಗತ್ತು ಎಷ್ಟು ತಡಮಾಡಿತೆಂದು ದುಃಖವಾಗುತ್ತದೆ.

ಹೆಜ್ಜೆ 1: ಮೊದಲು ದೇಹದ ತೊಂದರೆಗಳನ್ನು ಪರೀಕ್ಷಿಸಿರಿ

ಪುನರಾವರ್ತಿತ ಚಲನೆಗಳೆಲ್ಲ ಸ್ಟಿಮ್ಮಿಂಗ್ ಅಲ್ಲ, ಸ್ಟಿಮ್ಮಿಂಗ್ ಇರುವವರೆಲ್ಲರಿಗೂ ಆಟಿಸಂ ಇರುವುದಿಲ್ಲ. ಮಲಗುವ ಹೊತ್ತಿನಲ್ಲಿ ತಲೆ ಆಡಿಸುವ, ತೂಗುವ ಅಭ್ಯಾಸ ಬೇರಾವ ತೊಂದರೆಯೂ ಇಲ್ಲದ ಪುಟ್ಟ ಮಕ್ಕಳಲ್ಲಿ ಸಾಕಷ್ಟು ಕಂಡುಬರುತ್ತದೆ. ದೃಷ್ಟಿ ಇಲ್ಲದ ಮಕ್ಕಳು ಕಣ್ಣನ್ನು ಒತ್ತಿಕೊಳ್ಳುವುದುಂಟು. ವೈದ್ಯರಲ್ಲಿಗೆ ಹೋಗುವ ಮುನ್ನ ಮೊಬೈಲ್‌ನಲ್ಲಿ ಒಂದೆರಡು ನಿಮಿಷದ ವಿಡಿಯೊ ಮಾಡಿಟ್ಟುಕೊಳ್ಳಿರಿ. ನಾವು ಬಾಯಲ್ಲಿ ಹೇಳುವ ಹತ್ತು ವಾಕ್ಯಗಳಿಗಿಂತ ಅದು ಹೆಚ್ಚು ಉಪಯುಕ್ತ.

ಒಂದು ವರ್ಷದೊಳಗಿನ ಕೂಸು, ಅದರಲ್ಲೂ ನಿದ್ದೆಯಿಂದ ಎದ್ದ ಮೇಲೆ, ತಲೆ ಬಗ್ಗಿಸಿ ಕೈಗಳನ್ನು ಮುಂದಕ್ಕೆ ಚಾಚಿ ತಟ್ಟನೆ ಮುದುಡಿಕೊಳ್ಳುವುದನ್ನು ಒಂದರ ಹಿಂದೊಂದರಂತೆ ಮಾಡುತ್ತಿದ್ದರೆ ಅದು ಶಿಶುಗಳಲ್ಲಿ ಬರುವ ಒಂದು ಬಗೆಯ ಅಪಸ್ಮಾರವಾಗಿರಬಹುದು. ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ದೊಡ್ಡ ಮಕ್ಕಳಲ್ಲಿಯೂ, ಹೆಸರು ಕರೆದರೂ ಮುಟ್ಟಿದರೂ ಎಚ್ಚರಗೊಳ್ಳದಂತೆ ನೋಟ ನಿಂತುಹೋಗುವುದು, ಚಲನೆ ಮುಗಿದ ಮೇಲೆ ಮಂಕಾಗುವುದು ಅಥವಾ ನಿದ್ದೆಗೆ ಜಾರುವುದು ಕಂಡುಬಂದರೆ ನರರೋಗ ತಜ್ಞರಿಗೆ ತೋರಿಸಿರಿ. ಆಟಿಸಂ ಇರುವವರಲ್ಲಿ ಅಪಸ್ಮಾರ ಇತರರಿಗಿಂತ ಹೆಚ್ಚು ಎಂಬುದು ನೆನಪಿರಲಿ. ಸ್ಟಿಮ್ಮಿಂಗ್‌ನಲ್ಲಿರುವ ಮಗುವಾದರೆ ಬಹುತೇಕ ಸಲ ಬೇರೆ ಆಸಕ್ತಿಯ ವಿಷಯ ಎದುರಾದಾಗ ನಿಲ್ಲಿಸಿ ಗಮನ ಕೊಡುತ್ತದೆ.

ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು, ಗಂಟಲು ಸರಿಮಾಡಿಕೊಳ್ಳುವುದು ಮುಂತಾಗಿ ಐದಾರು ವರ್ಷದ ನಂತರ ಶುರುವಾಗಿ ಜಾಗ ಬದಲಿಸುತ್ತ ಹೋಗುವ ಚಿಕ್ಕ ಚಲನೆಗಳು ಟಿಕ್‌ಗಳಾಗಿರಬಹುದು. ಕೈ ಬಡಿತ, ತೂಗಾಟಗಳು ಸಾಮಾನ್ಯವಾಗಿ ಮೂರು ವರ್ಷಕ್ಕೆ ಮುಂಚೆಯೇ ಕಾಣಿಸಿಕೊಳ್ಳುತ್ತವೆ. ಚೆನ್ನಾಗಿ ಆಡುತ್ತಿದ್ದ ಹೆಣ್ಣುಮಗು ಕೈಯಿಂದ ವಸ್ತು ಹಿಡಿಯುವುದನ್ನೇ ಬಿಟ್ಟು ಎರಡೂ ಕೈಗಳನ್ನು ಬಟ್ಟೆ ಹಿಂಡುವಂತೆ ಸದಾ ಉಜ್ಜುತ್ತಿದ್ದರೆ ರೆಟ್ ಸಿಂಡ್ರೋಮ್ (ಬಹುತೇಕ ಹೆಣ್ಣುಮಕ್ಕಳಲ್ಲಿ ಕಾಣುವ ಅಪರೂಪದ ಜೀನ್ ತೊಂದರೆ) ಪರೀಕ್ಷೆ ಬೇಕಾಗುತ್ತದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮ ಕಣ್ಣು ತಪ್ಪಿಸುವುದು ನೋವು. ಮಾತಾಡದ ಮಗುವಿಗೆ ಹಲ್ಲು ನೋಯುತ್ತಿರಬಹುದು, ಕಿವಿ ಸೋರುತ್ತಿರಬಹುದು, ನಾಲ್ಕು ದಿನದಿಂದ ಮಲವಿಸರ್ಜನೆ ಆಗದಿರಬಹುದು, ಎದೆಯುರಿ ಇರಬಹುದು. ಹೊಸದಾಗಿ ಶುರುವಾದ ಅಥವಾ ಇದ್ದಕ್ಕಿದ್ದಂತೆ ಹೆಚ್ಚಾದ ತಲೆ ಚಚ್ಚಿಕೊಳ್ಳುವಿಕೆಯನ್ನು, ಬೇರೆ ಕಾರಣ ಸಿಗುವವರೆಗೂ, ನೋವೆಂದೇ ಭಾವಿಸಿ ಹುಡುಕಿರಿ. ಮಣ್ಣು, ಸುಣ್ಣ, ಸೀಮೆಸುಣ್ಣ ತಿನ್ನುವ ಮಗುವಿನ ರಕ್ತದಲ್ಲಿ ಕಬ್ಬಿಣದ ಅಂಶವನ್ನು ಪರೀಕ್ಷಿಸಿರಿ.

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ಹಾಗೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಮಕ್ಕಳನ್ನು ಬಹುಕಾಲದಿಂದ ನೋಡುತ್ತ ಬಂದಿವೆ. ಅಷ್ಟು ದೂರ ಹೋಗಲಾಗದವರು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಶೀಘ್ರ ಮಧ್ಯಪ್ರವೇಶ ಕೇಂದ್ರ ಎಲ್ಲಿದೆ ಎಂದು ವಿಚಾರಿಸಬಹುದು. ಅಂಗನವಾಡಿ ಕಾರ್ಯಕರ್ತೆಯರಿಗೂ ಆಶಾ ಕಾರ್ಯಕರ್ತೆಯರಿಗೂ ಸಾಮಾನ್ಯವಾಗಿ ಅದು ತಿಳಿದಿರುತ್ತದೆ. ದೃಷ್ಟಿಯಾಗಿದೆ, ಗ್ರಹಚಾರ ಕೆಟ್ಟಿದೆ ಎಂದು ಬರೆ ಹಾಕಿಸುವಂತೆ ಯಾರಾದರೂ ಸಲಹೆ ನೀಡಿದರೆ, ಅವರು ಎಷ್ಟೇ ಹತ್ತಿರದವರಾಗಿರಲಿ, ದಯವಿಟ್ಟು ಒಪ್ಪಬೇಡಿರಿ.

ಹೆಜ್ಜೆ 2: ಎರಡು ವಾರ ಬರೆದಿಡಿರಿ

ಒಂದು ನೋಟ್‌ಬುಕ್ ತೆಗೆದುಕೊಂಡು, ಎರಡು ವಾರಗಳ ಕಾಲ ಏನನ್ನೂ ತಡೆಯದೆ, ಕೇವಲ ಗಮನಿಸಿ ಬರೆಯಿರಿ. ಹಾನಿಯಾಗುವ ವರ್ತನೆಯಾಗಿದ್ದರೆ ಮಾತ್ರ ತಡೆಯಿರಿ. ಬರೆಯಬೇಕಾದುದು ಮೂರು ವಿಷಯ: ಅದಕ್ಕೆ ಸ್ವಲ್ಪ ಮೊದಲು ಏನು ನಡೆಯಿತು, ಮಗು ಮಾಡಿದ್ದು ಏನು, ಆಮೇಲೆ ಏನಾಯಿತು. "ಸಿಟ್ಟಿಗೆದ್ದ", "ಹಟ ಮಾಡಿದ" ಎಂಬ ತೀರ್ಪುಗಳನ್ನು ಬಿಟ್ಟು ಕಣ್ಣಿಗೆ ಕಂಡದ್ದನ್ನು ಬರೆಯಿರಿ. ನನ್ನ ಹಳೆಯ ಪುಸ್ತಕದ ಒಂದು ಸಾಲು ಹೀಗಿದೆ: "ಸಂಜೆ 6.40. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಅದೇ ಹೊತ್ತಿಗೆ ಟಿವಿ ಜೋರಾಗಿತ್ತು. ಕಿವಿ ಮುಚ್ಚಿಕೊಂಡು ತೂಗಿದ, ಊಂ ಎಂದು ಗುನುಗಿದ. ಟಿವಿ ಆರಿಸಿ, ಒಲೆ ಆರಿಸಿದ ಮೇಲೆ ನಾಲ್ಕು ನಿಮಿಷದಲ್ಲಿ ತಾನೇ ನಿಲ್ಲಿಸಿದ."

ಇಂಥ ಇಪ್ಪತ್ತು ಮೂವತ್ತು ಸಾಲುಗಳಾದ ಮೇಲೆ ಒಟ್ಟಿಗೆ ಓದಿದಾಗ, ನಿತ್ಯ ನೋಡುತ್ತಿದ್ದರೂ ಕಾಣದಿದ್ದ ಕ್ರಮವೊಂದು ಕಾಣತೊಡಗುತ್ತದೆ. ಶಾಲೆಯಿಂದ ಬಂದ ಅರ್ಧ ಗಂಟೆ ಮಾತ್ರ ತೂಗಾಟ ಹೆಚ್ಚಿದ್ದರೆ, ಅದು ದಿನವಿಡೀ ತಡೆದಿಟ್ಟದ್ದನ್ನು ಇಳಿಸುವ ಕೆಲಸ. ಬರೆಯುವ ಪಾಠ ತೆಗೆದೊಡನೆ ಕೈ ಕಚ್ಚಿಕೊಂಡು, ಪುಸ್ತಕ ಮುಚ್ಚಿದೊಡನೆ ನಿಲ್ಲುತ್ತಿದ್ದರೆ, ಅದು "ನನಗೆ ಇದು ಆಗುತ್ತಿಲ್ಲ" ಎಂಬ ಮಾತು. ಯಾರೂ ಇಲ್ಲದ ಕೋಣೆಯಲ್ಲಿಯೂ ಅಷ್ಟೇ ತನ್ಮಯತೆಯಿಂದ ಬೆರಳಾಡಿಸುತ್ತಿದ್ದರೆ, ಅದು ಆ ಸಂವೇದನೆಯ ಸುಖಕ್ಕಾಗಿಯೇ. ನನ್ನ ಮಗನ ಸಂತೋಷದ ಕೈ ಬಡಿತದಲ್ಲಿ ಬೆರಳುಗಳು ಅರಳಿರುತ್ತಿದ್ದವು, ಆತಂಕದ ಕೈ ಬಡಿತದಲ್ಲಿ ಮುಷ್ಟಿ ಬಿಗಿದಿರುತ್ತಿತ್ತು. ಹೀಗೆ ನೋಟ್‌ಬುಕ್ಕಿನಲ್ಲಿ ಬರೆದಿಡುವವರೆಗೆ ಈ ವ್ಯತ್ಯಾಸ ನನ್ನ ಗಮನಕ್ಕೆ ಬಂದಿರಲಿಲ್ಲ.

ಮಾತೂ ಸ್ಟಿಮ್ಮಿಂಗ್ ಆಗಬಹುದು. ಟಿವಿ ಜಾಹೀರಾತಿನ ಸಾಲನ್ನೋ ಮೆಟ್ರೊ ರೈಲಿನ ಪ್ರಕಟಣೆಯನ್ನೋ ದಿನಕ್ಕೆ ನೂರು ಸಲ ಹೇಳುವ ಮಗು ಆ ಧ್ವನಿಯ ಏರಿಳಿತವನ್ನು ಸವಿಯುತ್ತಿರಬಹುದು. ಆದರೆ ಹಲವು ಸಲ ಅದರೊಳಗೆ ಅರ್ಥವಿರುತ್ತದೆ. "ಮುಂದಿನ ನಿಲ್ದಾಣ" ಎಂದು ಮತ್ತೆ ಮತ್ತೆ ಹೇಳುವ ಹುಡುಗ ಇಲ್ಲಿಂದ ಹೊರಡೋಣ ಎನ್ನುತ್ತಿರಲೂಬಹುದು. ಯಾವ ಸಂದರ್ಭದಲ್ಲಿ ಯಾವ ಸಾಲು ಬರುತ್ತದೆ ಎಂಬುದನ್ನೂ ಬರೆದಿಟ್ಟು ವಾಕ್ ತಜ್ಞರಿಗೆ ತೋರಿಸಿರಿ.

ಹೆಜ್ಜೆ 3: ಬಿಡಬೇಕಾದುದನ್ನು ಬಿಟ್ಟುಬಿಡಿರಿ

ಈಗ ಪಟ್ಟಿಯಲ್ಲಿರುವ ಪ್ರತಿಯೊಂದು ಚಲನೆಯ ಬಗ್ಗೆಯೂ ಕೇಳಿಕೊಳ್ಳಿರಿ: ಇದರಿಂದ ಅವನಿಗೆ ಅಥವಾ ಬೇರೆಯವರಿಗೆ ಗಾಯವಾಗುತ್ತದೆಯೇ? ಊಟ, ನಿದ್ದೆ, ಕಲಿಕೆಗಳು ನಿಜವಾಗಿಯೂ ಕೆಡುತ್ತಿವೆಯೇ? ಅವನಿಗೇ ಇದು ಸಂಕಟ ಕೊಡುತ್ತಿದೆಯೇ? ಮೂರಕ್ಕೂ ಉತ್ತರ ಇಲ್ಲ ಎಂದಾದರೆ ಅದನ್ನು ಪಟ್ಟಿಯಿಂದ ಹೊಡೆದುಹಾಕಿರಿ. "ಜನ ಏನಂದುಕೊಳ್ಳುತ್ತಾರೆ" ಎಂಬುದು ಈ ಪ್ರಶ್ನೆಗಳ ಸಾಲಿಗೆ ಸೇರುವುದಿಲ್ಲ. ಬಹುಪಾಲು ಮನೆಗಳಲ್ಲಿ ಪಟ್ಟಿಯ ಮುಕ್ಕಾಲು ಭಾಗ ಇಲ್ಲಿಯೇ ಮುಗಿದುಹೋಗುತ್ತದೆ ಎಂಬುದು ನನ್ನ ಅನುಭವ.

"ಅವನು ಕೈ ಆಡಿಸುತ್ತಿದ್ದರೆ ಪಾಠ ಕೇಳುವುದಿಲ್ಲ" ಎಂಬ ದೂರು ಬಂದಾಗ ಅವಸರದಿಂದ ಒಪ್ಪಿಕೊಳ್ಳಬೇಡಿರಿ. ಕೈ ಆಡಿಸುತ್ತಿರುವಾಗ ಒಂದು ಪ್ರಶ್ನೆ, ಸುಮ್ಮನಿರಿಸಿದಾಗ ಒಂದು ಪ್ರಶ್ನೆ ಕೇಳಿ ನೋಡಲು ಶಿಕ್ಷಕರನ್ನು ವಿನಂತಿಸಿರಿ. ಸುಮ್ಮನೆ ಕೂರುವುದಕ್ಕೇ ಶಕ್ತಿಯೆಲ್ಲ ಖರ್ಚಾಗಿ ಪಾಠಕ್ಕೆ ಏನೂ ಉಳಿಯದ ಮಕ್ಕಳಿದ್ದಾರೆ.

ಹೆಜ್ಜೆ 4: ಮಗುವಿಗಿಂತ ಮೊದಲು ಕೋಣೆಯನ್ನು ಬದಲಿಸಿರಿ

ಪಟಪಟ ಎನ್ನುವ ಹಳೆಯ ಟ್ಯೂಬ್‌ಲೈಟನ್ನು ತೆಗೆಯಿರಿ. ಮಿಕ್ಸಿ ಹಾಕುವ ಮುನ್ನ ಹೇಳಿರಿ, ಅಥವಾ ಮಗು ಅಂಗಳದಲ್ಲಿರುವಾಗ ಹಾಕಿರಿ. ಅಂಗಿಯ ಕೊರಳಿನ ಲೇಬಲ್ಲನ್ನು ಕತ್ತರಿಸಿರಿ, ಹೊಸ ಬಟ್ಟೆಯನ್ನು ಎರಡು ಮೂರು ಸಲ ಒಗೆದು ಮೃದುವಾದ ಮೇಲೆ ತೊಡಿಸಿರಿ. ಮದುವೆ, ಜಾತ್ರೆ, ದೀಪಾವಳಿಗಳಿಗೆ ಸದ್ದು ತಗ್ಗಿಸುವ ಹೆಡ್‌ಫೋನ್ ಚೀಲದಲ್ಲಿರಲಿ. ದೇವಸ್ಥಾನಕ್ಕೆ ಮಹಾಮಂಗಳಾರತಿಯ ನಗಾರಿ, ಜಾಗಟೆಗಳ ಹೊತ್ತನ್ನು ಬಿಟ್ಟು ಹೋದರೆ ಅದೇ ಮಗು ಪ್ರಾಂಗಣದಲ್ಲಿ ನೆಮ್ಮದಿಯಿಂದ ಸುತ್ತುತ್ತದೆ.

ದಿನಚರಿಯ ಅನಿಶ್ಚಿತತೆಯೂ ಸದ್ದಿನಷ್ಟೇ ಕಾಡುತ್ತದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗಿನ ಐದಾರು ಕೆಲಸಗಳ ಚಿತ್ರಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ, ಮುಗಿದದ್ದನ್ನು ಮಗುವಿನ ಕೈಯಿಂದಲೇ ತೆಗೆಸಿರಿ. ಮುಂದೇನು ಎಂಬುದು ಗೊತ್ತಾದ ಮಗುವಿನಲ್ಲಿ ಆತಂಕದ ತೂಗಾಟ ಎಷ್ಟು ಇಳಿಯುತ್ತದೆ ಎಂಬುದನ್ನು ಒಂದೇ ವಾರದಲ್ಲಿ ನೋಡಬಹುದು.

ಹೆಜ್ಜೆ 5: ಕೇಳುವ ಮೊದಲೇ ಕೊಡಿರಿ

ದೇಹ ಹುಡುಕುತ್ತಿರುವ ಸಂವೇದನೆಯನ್ನು ದಿನದಲ್ಲಿ ನಾಲ್ಕೈದು ಸಲ ನಾವೇ ಒದಗಿಸಿದರೆ, ಅದನ್ನು ಅಪಾಯದ ದಾರಿಯಲ್ಲಿ ಹುಡುಕುವ ತುರ್ತು ತಗ್ಗುತ್ತದೆ. ಇದಕ್ಕೆ ದುಬಾರಿ ಸಾಮಗ್ರಿ ಬೇಕೆಂದು ಹಲವರು ತಿಳಿದಿದ್ದಾರೆ. ನಮ್ಮ ಮನೆಗಳಲ್ಲಿ ಬೇಕಾದಷ್ಟು ಇದೆ.

ತೂಗುವ, ಸುತ್ತುವ ಮಗುವಿಗೆ ಉಯ್ಯಾಲೆ ಕಟ್ಟಿರಿ. ತೊಲೆಯೋ ಕೊಕ್ಕೆಯೋ ದೊಡ್ಡವರ ಭಾರ ತಡೆಯುವಂತಿರಬೇಕು, ಕೆಳಗೆ ಚಾಪೆ ಇರಬೇಕು. ಹಿಂದೆ ಮುಂದೆ ನಿಧಾನವಾಗಿ ತೂಗುವುದು ತಣಿಸುತ್ತದೆ, ವೇಗವಾಗಿ ಸುತ್ತುವುದು ಕೆರಳಿಸುತ್ತದೆ; ಆದ್ದರಿಂದ ಮಲಗುವ ಮುನ್ನ ಮೊದಲನೆಯದನ್ನೇ ಆರಿಸಿರಿ. ಜಿಗಿಯುವ, ಡಿಕ್ಕಿ ಹೊಡೆಯುವ, ಕೈ ಕಚ್ಚಿಕೊಳ್ಳುವ ಮಗು ಕೀಲು ಮತ್ತು ಸ್ನಾಯುಗಳ ಒತ್ತಡವನ್ನು ಹುಡುಕುತ್ತಿರುತ್ತದೆ. ಅದಕ್ಕೆ ಚಪಾತಿ ಹಿಟ್ಟು ನಾದಲು ಕೊಡಿರಿ, ಅರ್ಧ ತುಂಬಿದ ಬಿಂದಿಗೆ ಹೊರಿಸಿರಿ, ಗಿಡಗಳಿಗೆ ನೀರು ಹೊತ್ತು ಹಾಕಿಸಿರಿ, ಒದ್ದೆ ಬಟ್ಟೆ ಹಿಂಡಿಸಿರಿ, ಗೋಡೆಯನ್ನು ಎರಡೂ ಅಂಗೈಗಳಿಂದ ತಳ್ಳಿಸಿರಿ. ನಮ್ಮ ಮನೆಯಲ್ಲಿ ಸಂಜೆಯ ಚಪಾತಿ ಹಿಟ್ಟು ನಾದುವುದು ಇಂದಿಗೂ ಮಗನದೇ ಕೆಲಸ. ಮಣಿಕಟ್ಟಿನ ಗಾಯ ಮಾಯಲು ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಇದೇ ಎಂದು ನಂಬಿದ್ದೇನೆ.

ಬಾಯಿಗೆ ಸಿಕ್ಕಿದ್ದನ್ನೆಲ್ಲ ಅಗಿಯುವ ಮಗುವಿಗೆ, ನುಂಗಲು ತೊಂದರೆ ಇಲ್ಲದಿದ್ದರೆ ಮತ್ತು ಪಕ್ಕದಲ್ಲಿ ಯಾರಾದರೂ ಇದ್ದರೆ, ಚಕ್ಕುಲಿ, ನಿಪ್ಪಟ್ಟು, ಒಣ ರೊಟ್ಟಿಯಂಥ ಗರಿಗರಿಯಾದದ್ದನ್ನು ಹೊತ್ತು ನೋಡಿ ಕೊಡಬಹುದು. ಅಗಿಯುವ ಆಟಿಕೆಗಳು ಸಿಗುತ್ತವೆ, ಆದರೆ ಕೊರಳಿಗೆ ದಾರ ಕಟ್ಟಿ ನೇತುಹಾಕುವಾಗ ಎಳೆದರೆ ಬಿಚ್ಚಿಕೊಳ್ಳುವ ದಾರವೇ ಇರಬೇಕು. ಬೆರಳಿಗೆ ಕೆಲಸ ಬೇಡುವವರಿಗೆ ರಾಗಿ ತುಂಬಿದ ಬಟ್ಟೆಯ ಚೀಲ, ಒರಟು ನಯ ಎರಡೂ ಇರುವ ಬಟ್ಟೆಯ ತುಂಡು, ಮಣಿಸರ ಸಾಕಾಗುತ್ತದೆ.

ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಮಾಡುವ ಭಾರವಾದ ಕೌದಿ ಹಲವು ಮಕ್ಕಳಿಗೆ ಇಷ್ಟವಾಗುತ್ತದೆ. ಭಾರದ ಹೊದಿಕೆಗಳ ಬಗ್ಗೆ ಬ್ರಿಟನ್ನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆಟಿಸಂ ಇರುವ ಮಕ್ಕಳ ನಿದ್ದೆಯ ಅವಧಿ ಅದರಿಂದ ಹೆಚ್ಚಲಿಲ್ಲ, ಆದರೂ ಮಕ್ಕಳೂ ತಂದೆತಾಯಂದಿರೂ ಅದನ್ನೇ ಮೆಚ್ಚಿದರು. ಆದ್ದರಿಂದ ನಿದ್ದೆಯ ಔಷಧಿ ಎಂದು ನಂಬದೆ, ಹಿತವೆನಿಸಿದರೆ ಬಳಸಿರಿ. ಮಗು ತಾನೇ ಸರಿಸಿ ಹೊರಬರುವಷ್ಟು ಹಗುರವಾಗಿರಬೇಕು, ಮುಖದ ಮೇಲೆ ಬರಬಾರದು, ಕೂಸುಗಳಿಗೆ ಎಂದಿಗೂ ಹೊದಿಸಬಾರದು.

ಒಂದು ಎಚ್ಚರಿಕೆ. ಇವುಗಳನ್ನು ಬಹುಮಾನವಾಗಿ ಒಡ್ಡಬೇಡಿರಿ, ಶಿಕ್ಷೆಯಾಗಿ ಕಿತ್ತುಕೊಳ್ಳಬೇಡಿರಿ. ಬಾಯಾರಿದವರಿಗೆ ನೀರು ಕೊಡುವುದಕ್ಕೆ ನಾವು ಷರತ್ತು ಹಾಕುವುದಿಲ್ಲ.

ಹೆಜ್ಜೆ 6: ಗಾಯ ಮಾಡಿಕೊಳ್ಳುತ್ತಿದ್ದರೆ

ತಲೆ ಚಚ್ಚಿಕೊಳ್ಳುವುದು, ಕೆನ್ನೆಗೆ ಹೊಡೆದುಕೊಳ್ಳುವುದು, ಕಚ್ಚಿಕೊಳ್ಳುವುದು, ಚರ್ಮ ಕೀಳುವುದು, ಕಣ್ಣು ಒತ್ತಿಕೊಳ್ಳುವುದು ಇವುಗಳನ್ನು ಬಿಟ್ಟು ನೋಡುವಂತಿಲ್ಲ. ಆ ಕ್ಷಣದಲ್ಲಿ ಮಾಡಬೇಕಾದುದು ಇಷ್ಟು: ತಲೆಗೂ ಗೋಡೆಗೂ ನಡುವೆ ದಿಂಬನ್ನೋ ನಿಮ್ಮ ಅಂಗೈಯನ್ನೋ ಇಡಿರಿ, ಸುತ್ತಲಿನವರನ್ನು ದೂರ ಕಳುಹಿಸಿ ಸದ್ದು, ಬೆಳಕು ತಗ್ಗಿಸಿರಿ, ಒಬ್ಬರೇ, ಒಂದೆರಡು ಪದಗಳಲ್ಲಿ, ಸಣ್ಣ ದನಿಯಲ್ಲಿ ಮಾತಾಡಿರಿ. ಬೈಯುವುದು, ಹೊಡೆಯುವುದು, ಕಾರಣ ಕೇಳುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡು ಎನ್ನುವುದು ಎಲ್ಲವೂ ಹೊರೆಯನ್ನು ಹೆಚ್ಚಿಸುತ್ತವೆ. ಕೈಕಾಲು ಕಟ್ಟಿಹಾಕುವುದು, ಎದೆಯ ಮೇಲೆ ಭಾರ ಹಾಕಿ ಅದುಮಿ ಹಿಡಿಯುವುದು ಪ್ರಾಣಾಪಾಯಕಾರಿ. ತಲೆಗೆ ಪೆಟ್ಟಾದ ಮೇಲೆ ವಾಂತಿ, ವಿಪರೀತ ಮಂಪರು, ನಡಿಗೆಯಲ್ಲಿ ತೂರಾಟ ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಪದೇ ಪದೇ ಕಣ್ಣಿಗೆ ಹೊಡೆದುಕೊಳ್ಳುವ ಮಗುವಿನ ಅಕ್ಷಿಪಟಲ (ಕಣ್ಣಿನ ಒಳಪದರವಾದ ರೆಟಿನಾ) ಹರಿಯಬಹುದಾದ್ದರಿಂದ ನೇತ್ರತಜ್ಞರ ಪರೀಕ್ಷೆ ಅಗತ್ಯ.

ಅಲೆ ಇಳಿದ ಮೇಲೆ ನೋಟ್‌ಬುಕ್ ತೆರೆಯಿರಿ. ವರ್ತನೆ ಏನನ್ನು ಹೇಳುತ್ತಿದೆಯೋ ಅದನ್ನು ಹೇಳಲು ಸುಲಭವಾದ ಇನ್ನೊಂದು ದಾರಿಯನ್ನು ಕಲಿಸುವುದೇ ಇಲ್ಲಿನ ಮುಖ್ಯ ಕೆಲಸ. "ಸಾಕು", "ಬೇಡ", "ನೋವು", "ಹೊರಗೆ" ಈ ನಾಲ್ಕಕ್ಕೆ ಚಿತ್ರದ ಕಾರ್ಡುಗಳನ್ನು ಮಾಡಿರಿ, ಅಥವಾ ಒಂದು ಕೈಸನ್ನೆ ಗೊತ್ತುಮಾಡಿರಿ. ಮಗು ಶಾಂತವಾಗಿರುವಾಗ ಅಭ್ಯಾಸ ಮಾಡಿಸಿ, ಅದು "ಸಾಕು" ಕಾರ್ಡನ್ನು ತೋರಿಸಿದ ಕೂಡಲೇ ಪಾಠವನ್ನು ನಿಜವಾಗಿಯೂ ನಿಲ್ಲಿಸಿರಿ. ಮೊದಲ ವಾರಗಳಲ್ಲಿ ಮಗು ಎರಡು ನಿಮಿಷಕ್ಕೊಮ್ಮೆ ತೋರಿಸೀತು, ಆಗಲೂ ನಿಲ್ಲಿಸಿರಿ. ಹೇಳಿದರೆ ಕೇಳುತ್ತಾರೆ ಎಂಬ ನಂಬಿಕೆ ಹುಟ್ಟಿದ ಮೇಲೆಯೇ ಕಾಯುವುದನ್ನು ಕಲಿಸಲು ಸಾಧ್ಯ.

ಔಷಧಿಯ ಮಾತು ಇಲ್ಲಿ ಬರಲೇಬೇಕು. ಸ್ಟಿಮ್ಮಿಂಗ್ ನಿಲ್ಲಿಸುವ ಮಾತ್ರೆ ಎಂಬುದಿಲ್ಲ. ಪುನರಾವರ್ತಿತ ವರ್ತನೆ ತಗ್ಗಬಹುದೆಂದು 149 ಮಕ್ಕಳ ಮೇಲೆ ಸಿಟಾಲೋಪ್ರಾಮ್ ಎಂಬ ಖಿನ್ನತೆಯ ಔಷಧಿಯನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ಅದು ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಉತ್ತಮವೆನಿಸಲಿಲ್ಲ. ತೀವ್ರ ಸ್ವಹಾನಿ ಮತ್ತು ಆಕ್ರೋಶಕ್ಕೆ ರಿಸ್ಪೆರಿಡೋನ್, ಅರಿಪಿಪ್ರಜೋಲ್ ಔಷಧಿಗಳಿಗೆ ಅಮೆರಿಕದಲ್ಲಿ ಕ್ರಮವಾಗಿ 2006 ಮತ್ತು 2009ರಲ್ಲಿ ಅನುಮತಿ ದೊರೆತಿದ್ದು, ನಮ್ಮಲ್ಲಿಯೂ ಮನೋವೈದ್ಯರು ಬಳಸುತ್ತಾರೆ. ತೂಕ ಏರುವುದು, ಮಂಪರು ಮುಂತಾದ ಅಡ್ಡಪರಿಣಾಮಗಳಿವೆ. ಕೆಲವರಲ್ಲಿ ಇವುಗಳಿಂದಲೇ ಕೂತಲ್ಲಿ ಕೂರಲಾಗದ ಚಡಪಡಿಕೆ ಹುಟ್ಟುತ್ತದೆ, ಅದನ್ನು ಹೊಸ ಸ್ಟಿಮ್ಮಿಂಗ್ ಎಂದು ತಪ್ಪು ತಿಳಿಯುವುದೂ ಉಂಟು. ಕೊಡುವುದನ್ನಾಗಲಿ ನಿಲ್ಲಿಸುವುದನ್ನಾಗಲಿ ವೈದ್ಯರನ್ನು ಕೇಳದೆ ಮಾಡಬೇಡಿರಿ.

ಹೆಜ್ಜೆ 7: ಶಾಲೆ ಮತ್ತು ನೆಂಟರೊಡನೆ ಮಾತು

ಶಾಲೆಗೆ ಒಂದು ಪುಟದ ಪತ್ರ ಕೊಡಿರಿ. ಮಗುವಿನ ಚಲನೆಗಳು ಯಾವುವು, ಯಾವುದು ಸಂತೋಷದ್ದು, ಯಾವುದು ಬರಲಿರುವ ಸಂಕಟದ ಮುನ್ಸೂಚನೆ, ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದಷ್ಟೇ ಅದರಲ್ಲಿರಲಿ. ಕಿಟಕಿ ಗದ್ದಲಗಳಿಂದ ದೂರದ ಜಾಗ, ಗಂಟೆಗೊಮ್ಮೆ ಡಸ್ಟರನ್ನೋ ಪುಸ್ತಕದ ರಾಶಿಯನ್ನೋ ಇನ್ನೊಂದು ಕೋಣೆಗೆ ಒಯ್ದು ಕೊಡುವ ಕೆಲಸ, ಕೈಯಲ್ಲಿ ಹಿಡಿಯಲು ಒಂದು ವಸ್ತು ಇವನ್ನು ಕೇಳಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ಆಟಿಸಂ ಒಂದು; ತಾರತಮ್ಯವಿಲ್ಲದ ಪ್ರವೇಶ ಮತ್ತು ಅಗತ್ಯ ಹೊಂದಾಣಿಕೆಯನ್ನು ಕೇಳುವುದು ಮಗುವಿನ ಹಕ್ಕು. ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಪ್ರಮಾಣಪತ್ರಕ್ಕಾಗಿ ನಮ್ಮ ದೇಶದಲ್ಲಿ ಬಳಸುವ 40 ಅಂಶಗಳ ಭಾರತೀಯ ಆಟಿಸಂ ಮಾಪನದಲ್ಲಿ ಪುನರಾವರ್ತಿತ ಚಲನೆ ಮತ್ತು ಸ್ವಹಾನಿ ಬೇರೆ ಬೇರೆ ಅಂಶಗಳಾಗಿವೆ; ಪರೀಕ್ಷೆಯ ದಿನ ನಿಮ್ಮ ನೋಟ್‌ಬುಕ್ ಮತ್ತು ವಿಡಿಯೊ ಜೊತೆಗಿರಲಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ನಿರಾಮಯ ಆರೋಗ್ಯ ವಿಮೆಗೂ ಅರ್ಜಿ ಹಾಕಿರಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿ ಮಿತಿಯೊಳಗೆ ಥೆರಪಿಯ ಖರ್ಚಿನ ಒಂದು ಭಾಗವೂ ಸಿಗುತ್ತದೆ.

ನೆಂಟರಿಗೆ ದೀರ್ಘ ವಿವರಣೆ ಬೇಕಿಲ್ಲ. "ಅವನಿಗೆ ಖುಷಿಯಾದ್ರೆ ಹೀಗೇ ಮಾಡ್ತಾನೆ ದೊಡ್ಡಮ್ಮ, ನೀವು ನಗೋ ಹಾಗೆ" ಎಂಬ ಒಂದು ಮಾತು ನನಗೆ ನೂರು ಕಡೆ ನೆರವಾಗಿದೆ. ಅದನ್ನು ತಲೆ ಎತ್ತಿ ಹೇಳಬೇಕು, ಮಗುವಿಗೂ ಕೇಳುವಂತೆ ಹೇಳಬೇಕು. ತನ್ನ ತಾಯಿ ತನಗಾಗಿ ಕ್ಷಮೆ ಕೇಳುತ್ತಿದ್ದಾಳೆ ಎಂಬುದು ಮಾತು ಬಾರದ ಮಗುವಿಗೂ ತಿಳಿಯುತ್ತದೆ ಎಂದೇ ನನ್ನ ನಂಬಿಕೆ.

ಹೆಜ್ಜೆ 8: ಬೆಳೆದಂತೆ

ಹರೆಯದಲ್ಲಿ ಜನನಾಂಗ ಮುಟ್ಟಿಕೊಳ್ಳುವುದು ಕಂಡಾಗ ಮನೆಯವರು ಗಾಬರಿಯಾಗುತ್ತಾರೆ. ಇದು ಎಲ್ಲ ಹದಿಹರೆಯದವರಲ್ಲಿಯೂ ಇರುವಂಥದ್ದು, ಕಲಿಸಬೇಕಾದುದು ಜಾಗವನ್ನು. ಬಾಗಿಲು ಮುಚ್ಚಿದ ತನ್ನ ಕೋಣೆಯಲ್ಲಿ ಸರಿ, ನಡುಮನೆಯಲ್ಲಿ ಮತ್ತು ಹೊರಗೆ ಅಲ್ಲ ಎಂಬುದನ್ನು ಚಿತ್ರಗಳ ಮೂಲಕ, ಬೈಯದೆ, ಪ್ರತಿಸಲವೂ ಒಂದೇ ಮಾತಿನಲ್ಲಿ ಹೇಳಿರಿ. ತುರಿಕೆ ಅಥವಾ ಮೂತ್ರದ ಸೋಂಕು ಇಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿರಿ.

ಮಾತಾಡುವ, ಓದುವ, ಕೆಲಸಕ್ಕೆ ಹೋಗುವ ಆಟಿಸಂ ಇರುವ ಹಲವು ವಯಸ್ಕರು ಹೊರಗೆ ತಮ್ಮ ಚಲನೆಗಳನ್ನು ಬಚ್ಚಿಟ್ಟುಕೊಂಡೇ ಬದುಕುತ್ತಾರೆ. ಇಡೀ ದಿನ ಹಾಗೆ ತಡೆದಿಡುವುದರಿಂದ ಆಗುವ ದಣಿವು ತಿಂಗಳುಗಟ್ಟಲೆ ಹಾಸಿಗೆ ಹಿಡಿಸುವಷ್ಟು ಆಳಕ್ಕೆ ಹೋಗಬಲ್ಲದು. ನೀವೇ ಅಂಥವರಾಗಿದ್ದರೆ, ಜೇಬಿನಲ್ಲಿ ಹಿಡಿಯುವ ಒಂದು ವಸ್ತು, ಊಟದ ವಿರಾಮದಲ್ಲಿ ಹತ್ತು ನಿಮಿಷ ಒಬ್ಬರೇ ನಡೆಯುವುದು, ಮನೆಗೆ ಬಂದ ಮೇಲೆ ಯಾರೂ ಮಾತಾಡಿಸದ ಅರ್ಧ ಗಂಟೆ, ಇವನ್ನು ನಾಚಿಕೆಯಿಲ್ಲದೆ ಕೇಳಿ ಪಡೆಯಿರಿ. ಮನೆಯವರಾಗಿದ್ದರೆ, ಕೇಳುವ ಮೊದಲೇ ಕೊಡಿರಿ.

ಚಲನೆಗಳು ಬದಲಾಗುತ್ತಲೇ ಇರುತ್ತವೆ, ಆದ್ದರಿಂದ ನೋಟ್‌ಬುಕ್ಕನ್ನು ಎಸೆಯಬೇಡಿರಿ. ಹೊಸದೊಂದು ದಿಢೀರನೆ ಬಂದರೆ ಮೊದಲ ಹೆಜ್ಜೆಗೆ ಹಿಂದಿರುಗಿರಿ. ಹೋದ ವರ್ಷ ನನ್ನ ಮಗ ಬಲಗೆನ್ನೆಯನ್ನು ಮುಷ್ಟಿಯಿಂದ ಗುದ್ದಿಕೊಳ್ಳತೊಡಗಿದ. ಕಾಲೇಜು ಬದಲಾದದ್ದಕ್ಕೆ ಆತಂಕವೆಂದು ಎಲ್ಲರೂ ಹೇಳಿದರು, ನಾನೂ ಎರಡು ದಿನ ಹಾಗೆಯೇ ಅಂದುಕೊಂಡೆ. ಆಮೇಲೆ ಪುಟ ತಿರುವಿ ನೋಡಿದಾಗ ಗುದ್ದಿಕೊಂಡದ್ದೆಲ್ಲ ಊಟದ ನಂತರ ಮತ್ತು ರಾತ್ರಿ ಮಲಗಿದ ಮೇಲೆ ಎಂಬುದು ಕಂಡಿತು. ದಂತವೈದ್ಯರು ಬಲಬದಿಯಲ್ಲಿ ಅಡ್ಡವಾಗಿ ಬೆಳೆಯುತ್ತಿದ್ದ ಬುದ್ಧಿಹಲ್ಲನ್ನು ತೆಗೆದರು. ಬಾವು ಇಳಿದ ಐದನೆಯ ದಿನ ಅವನು ಗುದ್ದಿಕೊಳ್ಳುವುದನ್ನು ಬಿಟ್ಟು, ಎಂದಿನಂತೆ ಕಿಟಕಿಯ ಬಳಿ ಕುಳಿತು ತೂಗತೊಡಗಿದ.